ಮುಪ್ಪು ಬಂದಾದ ಮೇಲೆ

ನಮ್ಮ ಎದುರು ಮನೆಯ ಅಜ್ಜಿ ಲಿಂಗಾಯತರು. ಸಂಜೆ ದೀಪ ಹಚ್ಚಿ ಜಗಲಿ ಮೇಲೆ ಕೂತು ವಚನ ಹೇಳಿಕೊಳ್ಳುತ್ತಾರೆ. ದಾವಣಗೆರೆಯಲ್ಲಿ ಬೆಳೆದ ಯಾರಿಗೂ ಆ ಸಾಲುಗಳು ಹೊಸವಲ್ಲ, ಕ್ರೈಸ್ತ ಮನೆಯವಳಾದ ನಾನೂ ಶಾಲೆಯ ಕನ್ನಡ ಪಾಠದಲ್ಲಿ ಅವನ್ನು ಬಾಯಿಪಾಠ ಮಾಡಿದವಳೇ. ಅದರಲ್ಲೂ ‘ನೆರೆ ಕೆನ್ನೆಗೆ, ತೆರೆ ಗಲ್ಲಕೆ’ ಎಂದು ಶುರುವಾಗುವ ಬಸವಣ್ಣನವರ ವಚನ ಕಿವಿಗೆ ಬಿದ್ದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ಹಲ್ಲು ಹೋಗಿ, ಬೆನ್ನು ಬಾಗಿ, ಇನ್ನೊಬ್ಬರ ಹಂಗಿಗೆ ಬೀಳುವ ಮುನ್ನ, ಕೋಲು ಹಿಡಿಯುವ ಮುನ್ನ, ಮೃತ್ಯು ಬಂದು ಮುಟ್ಟುವ ಮುನ್ನ ದೇವರನ್ನು ಪೂಜಿಸು ಎನ್ನುತ್ತದೆ ಅದು.

ನಮ್ಮ ಬೈಬಲ್ಲಿನ ಪ್ರಸಂಗಿ ಗ್ರಂಥದ 12ನೇ ಅಧ್ಯಾಯ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಯೌವನದಲ್ಲಿಯೇ ಸೃಷ್ಟಿಕರ್ತನನ್ನು ಸ್ಮರಿಸಿಕೋ. ಮನೆ ಕಾಯುವವರು ನಡುಗುವ ಮೊದಲು, ಬೀಸುವವರು ಕಡಿಮೆಯಾಗಿ ಸುಮ್ಮನಾಗುವ ಮೊದಲು, ಕಿಟಕಿಯಿಂದ ನೋಡುವವರು ಮಂಕಾಗುವ ಮೊದಲು. ಮನೆ ಕಾಯುವವರು ಎಂದರೆ ಕೈಗಳು, ಬೀಸುವವರು ಹಲ್ಲು, ಕಿಟಕಿಯಲ್ಲಿರುವವರು ಕಣ್ಣು ಎಂದು ನಮ್ಮ ಧರ್ಮೋಪದೇಶ ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಎಷ್ಟೋ ಶತಮಾನಗಳ ಅಂತರದ, ಒಂದನ್ನೊಂದು ಕಾಣದ ಎರಡು ಮಾತುಗಳು ಮುದುಕರ ದೇಹವನ್ನು ಒಂದೇ ಕಣ್ಣಿನಿಂದ ನೋಡಿವೆ.

ಎರಡೂ ಸತ್ಯ. ಆದರೆ ಎರಡೂ ಇನ್ನೂ ಶಕ್ತಿ ಇರುವವರಿಗೆ ಹೇಳಿದ ಮಾತು. ನಮ್ಮ ಒಳಮನೆಯಲ್ಲಿ ಮಲಗಿರುವ ಅವ್ವನಿಗೆ ಆ ಪಟ್ಟಿಯಲ್ಲಿರುವುದೆಲ್ಲ ಬಂದಾಗಿದೆ. ಹಲ್ಲಿಲ್ಲ, ಬೆನ್ನು ಬಾಗಿದೆ, ಕೋಲು ಹಿಡಿಯುವ ಹಂತವೂ ದಾಟಿದೆ. ಜಪಸರದ ಮಣಿ ಎಣಿಸಲು ಬೆರಳು ಒಪ್ಪುವುದಿಲ್ಲ. ಹಾಡಲು ದನಿ ಇಲ್ಲ. ಪೂಜಿಸುವ ಶಕ್ತಿಯೇ ಉಡುಗಿದ ಮೇಲೆ ಮನುಷ್ಯನಿಗೆ ಏನಿದೆ? ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದಷ್ಟು ವರ್ಷವೂ ಈ ಪ್ರಶ್ನೆ ನನ್ನ ಸುತ್ತಲೇ ಇತ್ತು. ನಿವೃತ್ತಿಯಾಗಿ ಮನೆಗೆ ಬಂದ ಮೇಲೆ ಅದು ನನ್ನದೇ ಮನೆಯ ಪ್ರಶ್ನೆಯಾಯಿತು.

ಅವ್ವ ಖಾನಾವಳಿಗೆ ರೊಟ್ಟಿ ಬಡಿದು ನಮ್ಮನ್ನು ಓದಿಸಿದವಳು. ಅಪ್ಪ ಹತ್ತಿ ಮಿಲ್ಲಿನ ಕಾರ್ಮಿಕ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಮಿಲ್ಲಿನ ಸಂಬಳ ಬಾಡಿಗೆಗೂ ರೇಷನ್‌ಗೂ ಸರಿಹೋಗುತ್ತಿತ್ತು, ಉಳಿದದ್ದೆಲ್ಲ ಅವ್ವನ ಕೈಯಿಂದಲೇ ಬರಬೇಕಿತ್ತು. ಬೆಳಗಿನ ಜಾವ ಎಸರಿಟ್ಟು, ಜೋಳದ ಹಿಟ್ಟು ನಾದಿ, ಹಲಗೆ ಮೇಲೆ ತಟ್ಟತೊಡಗಿದರೆ ಆ ಸದ್ದಿಗೇ ನಾವು ಏಳುತ್ತಿದ್ದದ್ದು. ಹೆಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆ ಸವರಿ, ತಿರುವಿ, ಬುಟ್ಟಿಗೆ ಹಾಕುವಷ್ಟರಲ್ಲಿ ಮುಂದಿನದು ಸಿದ್ಧವಾಗಿರುತ್ತಿತ್ತು. ರೊಟ್ಟಿ ಕಾಗದದಷ್ಟು ತೆಳ್ಳಗೆ, ಅಂಚು ಒಡೆಯದೆ ಬರುತ್ತಿತ್ತು.

ಮೊದಲು ಬಲಗೈ ಹೆಬ್ಬೆರಳು ನಡುಗಿತು. ಆಮೇಲೆ ಅಕ್ಷರ ಸಣ್ಣದಾಯಿತು. ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲ ಎಂದರು. ಮುಖದಲ್ಲಿ ನಗು ಮೂಡುವುದು ತಡವಾಯಿತು. ಪಾರ್ಕಿನ್ಸನ್. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ನಡುಗುವ ರೋಗದ ಬಗ್ಗೆ ಬರೆದ. ಎರಡು ಶತಮಾನ ಕಳೆದರೂ ಬೇರುಸಹಿತ ಕೀಳುವ ಔಷಧ ಸಿಕ್ಕಿಲ್ಲ. ಮೆದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಒಂದೊಂದಾಗಿ ಸಾಯುತ್ತವೆ. ನಡುಕ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತವೆ. ಲೆವೊಡೋಪಾ ಮಾತ್ರೆ ಆ ಕೊರತೆಯನ್ನು ಕೆಲವು ಗಂಟೆ ತುಂಬುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಬೇಕು, ಬೇಳೆ-ಹಾಲು ಜೊತೆಗೆ ಹೋದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಈ ಮನೆಯ ಗಡಿಯಾರ ಈಗ ಆ ಮಾತ್ರೆಯ ಹೊತ್ತಿಗೆ ಓಡುತ್ತದೆ.

ನಡೆಯಲು ಬರುತ್ತಿದ್ದಾಗ ಬಾಗಿಲಲ್ಲಿ ಕಾಲು ಕಟ್ಟಿಬಿಡುತ್ತಿತ್ತು. ಅಂಗಳದಲ್ಲಿ ಸಲೀಸಾಗಿ ಬಂದವಳು ಹೊಸ್ತಿಲ ಹತ್ತಿರ ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುವಳು. ಈ ರೋಗದಲ್ಲಿ ಹೀಗಾಗುತ್ತದೆ, ಕಿರಿದಾದ ಜಾಗ ಕಂಡರೆ ಕಾಲು ಮುಷ್ಕರ ಹೂಡುತ್ತದೆ. ನೆಲದ ಮೇಲೆ ಅಡ್ಡ ಗೆರೆ ಕಂಡರೆ, ಇಲ್ಲವೇ ಕಿವಿಗೆ ಒಂದು ತಾಳ ಬಿದ್ದರೆ ಮೆದುಳು ಬೇರೆ ದಾರಿಯಿಂದ ಕಾಲಿಗೆ ಅಪ್ಪಣೆ ಕಳಿಸುತ್ತದೆ ಎಂದು ಗೊತ್ತಿದ್ದುದರಿಂದ ಬ್ಯಾಂಡೇಜಿನ ಬಿಳಿ ಪ್ಲಾಸ್ಟರನ್ನು ನೆಲಕ್ಕೆ ಅಡ್ಡಡ್ಡ ಅಂಟಿಸಿದೆ. ಅಷ್ಟು ಪ್ರಯೋಜನವಾಗಲಿಲ್ಲ. ಚಪ್ಪಾಳೆ ತಟ್ಟಿದೆ, ಒಂದು-ಎರಡು ಎಂದು ಎಣಿಸಿದೆ, ಕೀರ್ತನೆ ಹಾಡಿದೆ. ಕಾಲು ಕದಲಲಿಲ್ಲ. ಒಂದು ದಿನ ಏನೋ ಹೊಳೆದು ಬಾಗಿಲ ಮೇಲೆ ಅಂಗೈಯಿಂದ ರೊಟ್ಟಿ ಬಡಿಯುವ ತಾಳ ಹಾಕಿದೆ. ತಪ್ ತಪ್ ತಪ್, ನಡುವೆ ಹಲಗೆ ತಿರುಗಿಸುವಷ್ಟು ಬಿಡುವು, ಮತ್ತೆ ತಪ್ ತಪ್. ಅವ್ವ ತಲೆ ಎತ್ತಿದಳು. ಬಲಗಾಲು ಎದ್ದಿತು. ಹೊಸ್ತಿಲು ದಾಟಿದಳು.

ಪ್ರಾರ್ಥನಾ ಕೂಟವೊಂದರ ಮುಖ್ಯಸ್ಥರು ಮನೆಗೆ ಬಂದದ್ದು ಆ ದಿನಗಳಲ್ಲಿ. ತಲೆ ಮೇಲೆ ಕೈ ಇಟ್ಟು ಗಟ್ಟಿಯಾಗಿ ಪ್ರಾರ್ಥಿಸಿದರು, ಅದಕ್ಕೆ ನನ್ನ ತಕರಾರಿಲ್ಲ. ಹೊರಡುವಾಗ, “ಅಮ್ಮಾ, ಪೂರ್ತಿ ನಂಬಿದ್ದರೆ ಇಷ್ಟೊತ್ತಿಗೆ ಎದ್ದು ಓಡಾಡಬೇಕಿತ್ತು” ಎಂದರು. ಆ ರಾತ್ರಿ ಅವ್ವ ಮಲಗಲಿಲ್ಲ. “ನನ್ ನಂಬಿಕೆ ಕಡಿಮೆ ಆತೇನವ್ವಾ?” ಎಂದು ಕೇಳಿದಳು. ಬದುಕಿನುದ್ದಕ್ಕೂ ಬೆಂಕಿಯ ಮುಂದೆ ಕೂತು, ಚರ್ಚಿನಲ್ಲಿ ಭಾನುವಾರದ ಬಲಿಪೂಜೆ, ಅಂದರೆ ಮಾಸ್, ಒಂದೂ ತಪ್ಪಿಸದ ಹೆಂಗಸು ಕೇಳಿದ ಪ್ರಶ್ನೆ ಇದು. ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಇಳಿಯಬೇಕು ಎಂದೂ ಅನ್ನಿಸಿಲ್ಲ.

ಹೀಗೆ ಹೇಳುವವರು ಬೈಬಲ್ಲನ್ನು ಪೂರ್ತಿ ಓದಬೇಕು. ಯೇಸುವಿನ ಸಂದೇಶ ಸಾರುತ್ತ ಊರೂರು ತಿರುಗಿದ ಸಂತ ಪೌಲರು ತಮ್ಮ ದೇಹಕ್ಕೆ ಚುಚ್ಚಿದ ಮುಳ್ಳನ್ನು ತೆಗೆ ಎಂದು ಮೂರು ಸಲ ಬೇಡಿಕೊಂಡರು. ತೆಗೆಯಲಿಲ್ಲ, ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು. ಪೌಲರ ಶಿಷ್ಯ ತಿಮೊಥೇಯನ ಹೊಟ್ಟೆನೋವಿಗೆ ಅವನಿಗೆ ಬರೆದ ಪತ್ರದಲ್ಲಿ ಮನೆಮದ್ದು ಬರೆದು ಕಳಿಸಲಾಗಿದೆ, ನಂಬಿಕೆ ಹೆಚ್ಚಿಸಿಕೋ ಎಂದು ಬೈದಿಲ್ಲ. ತ್ರೊಫಿಮನೆಂಬ ಜೊತೆಗಾರನನ್ನು ಕಾಯಿಲೆ ಬಿದ್ದಿದ್ದರಿಂದ ಮಿಲೇತ ಎಂಬ ಊರಿನಲ್ಲಿ ಬಿಟ್ಟುಬಂದೆ ಎಂದು ಪೌಲರ ಹೆಸರಿನ ಪತ್ರದಲ್ಲಿ ಒಂದೇ ಸಾಲಿದೆ. ಆಮೇಲೆ ಅವನಿಗೆ ಏನಾಯಿತೆಂದು ಬರೆದಿಲ್ಲ. ವಾರ್ಡಿನಲ್ಲಿ ಬಿಟ್ಟುಹೋದ ಎಷ್ಟೋ ಜನರನ್ನು ಕಂಡ ನನಗೆ ಆ ಸಾಲು ಬಲು ಹತ್ತಿರ. ಲಾಜರನನ್ನಂತೂ ಯೇಸು ಸಮಾಧಿಯಿಂದಲೇ ಎಬ್ಬಿಸಿದರು. ಆದರೂ ಅವನು ಮುಂದೆ ಇನ್ನೊಮ್ಮೆ ಸಾಯಲೇಬೇಕಿತ್ತು. ಯೇಸು ಮುಟ್ಟಿ ಗುಣಪಡಿಸಿದ ಕುಷ್ಠರೋಗಿಗಳು, ಕುರುಡರು, ಶಿಷ್ಯ ಪೇತ್ರನ ಅತ್ತೆ, ಎಲ್ಲರೂ ಕೊನೆಗೆ ತೀರಿಹೋದವರೇ. ಗುಣವಾಗುವುದೊಂದೇ ನಮ್ಮ ನಿರೀಕ್ಷೆಯಾಗಿದ್ದರೆ ಅದು ಕೆಲವೇ ವರ್ಷಗಳ ಮಾತಾಗುತ್ತಿತ್ತು.

ಎದುರು ಮನೆ ಅಜ್ಜಿ ಅವ್ವನನ್ನು ನೋಡಲು ಬರುವಾಗ ಬೇರೆಯೇ ಸಮಾಧಾನ ತರುತ್ತಾರೆ. “ಶರಣರಿಗೆ ಮರಣವೇ ಮಹಾನವಮಿ ನೋಡವ್ವಾ, ಅಂಜಬಾರ್ದು” ಎನ್ನುತ್ತಾರೆ. ಅವರು ಹಾಗೆ ಹೇಳುವಾಗ ಮುಖದಲ್ಲಿ ನಿಜವಾಗಿಯೂ ಅಂಜಿಕೆ ಇರುವುದಿಲ್ಲ, ನನಗದು ಕಾಣುತ್ತದೆ. ಆದರೆ ನನ್ನಿಂದ ಆ ಮಾತು ಹೇಳಲಾಗುವುದಿಲ್ಲ. ಸಾವು ಹಬ್ಬವಾಗಿ ಬಂದದ್ದನ್ನು ನಾನು ವಾರ್ಡಿನಲ್ಲಿ ಕಂಡಿಲ್ಲ. ಉಸಿರು ನಿಂತು ನಿಂತು ಬರುವುದು, ಗಂಟಲಲ್ಲಿ ಗೊರಗೊರ ಸದ್ದು, ಪಾದ ತಣ್ಣಗಾಗಿ ಮೇಲೇರುವುದು, ಎಳೆ ಮಗುವಿನ ಅಪ್ಪನನ್ನು ಬಿಳಿ ಬಟ್ಟೆಯಲ್ಲಿ ಸುತ್ತುವುದು. ಪೌಲರು ಅದನ್ನು ಕಟ್ಟಕಡೆಯ ಶತ್ರು ಎಂದರು, ನನಗೂ ಅದು ಶತ್ರುವೇ. ಲಾಜರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದ ಯೇಸು ಕೂಡ ಸಮಾಧಿಯ ಮುಂದೆ ಅತ್ತರು. ಇನ್ನೇನು ಎದ್ದು ಬರುವವನಿಗಾಗಿ ಯಾಕೆ ಅಳಬೇಕಿತ್ತು? ಪ್ರೀತಿಸಿದವರ ಸಾವು ನೋಯಿಸುತ್ತದೆ, ಅದಕ್ಕೇ ಅತ್ತರು. ಅಪ್ಪನ ಮಣ್ಣಿನ ದಿನ ಯಾರೋ ನನಗೆ “ವಿಶ್ವಾಸಿಗಳು ಹೀಗೆ ಅಳಬಾರದು” ಎಂದಿದ್ದರು. ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದಷ್ಟೇ ಪೌಲರು ಬರೆದದ್ದು. ದುಃಖಿಸಬೇಡಿ ಎಂದು ಬರೆದಿಲ್ಲ.

ಇನ್ನೊಂದು ಮಾತು ನಮ್ಮ ಜನರಲ್ಲೇ ಓಡಾಡುತ್ತದೆ, ಮಣ್ಣಿಗೆ ಹೋದಾಗಲೆಲ್ಲ ಕೇಳುತ್ತೇನೆ: ಹಕ್ಕಿ ಗೂಡು ಬಿಟ್ಟು ಹಾರಿತು, ದೇಹ ಏನಿದ್ದರೂ ಚಿಪ್ಪು. ಸಮಾಧಾನಕ್ಕೆ ಹೇಳುತ್ತಾರೆ, ಗೊತ್ತು. ಆದರೆ ಪ್ರತಿ ಭಾನುವಾರ ಎದ್ದು ನಿಂತು ನಾವು ಹೇಳುವ ವಿಶ್ವಾಸ ಪ್ರಮಾಣದಲ್ಲಿ ಆತ್ಮ ಹಾರಿಹೋಗುವ ಮಾತಿಲ್ಲ, ಸತ್ತವರು ಪುನಃ ಎದ್ದುಬರುವ ಮಾತಿದೆ. ಪುನರುತ್ಥಾನವಾದ ಯೇಸುವಿನ ಕೈಯಲ್ಲಿ ಮೊಳೆಯ ಗಾಯ ಇತ್ತು. ನಂಬದಿದ್ದ ಶಿಷ್ಯ ತೋಮನಿಗೆ ಬೆರಳಿಟ್ಟು ನೋಡು ಎಂದರು. ಬಲಹೀನ ಸ್ಥಿತಿಯಲ್ಲಿ ಬಿತ್ತಿದ್ದು ಬಲದಿಂದ ಏಳುತ್ತದೆ ಎಂದು ಪೌಲರು ಕೊರಿಂಥದವರಿಗೆ ಬರೆದರು. ಬಿತ್ತಿದ್ದೇ ಏಳುತ್ತದೆ. ಹಾಗಿದ್ದ ಮೇಲೆ ಅವ್ವನ ಈ ಕೈ, ಹೆಂಚಿನ ಅಂಚು ತಗುಲಿ ಮಣಿಕಟ್ಟಿನಲ್ಲಿ ಉಳಿದ ಸುಟ್ಟ ಕಲೆ, ಹಲಗೆಗೆ ಬಡಿದು ಬಡಿದು ದಪ್ಪಗಾದ ಅಂಗೈ, ಇವು ಬಿಸಾಡುವ ಚಿಪ್ಪಲ್ಲ. ದೇವರಿಗೆ ಇವು ಬೇಕು.

ಇದು ಮನಸ್ಸಿಗೆ ಇಳಿದ ಮೇಲೆ ನನ್ನ ಕೆಲಸವೇ ಬೇರೆಯಾಗಿ ಕಾಣತೊಡಗಿತು. ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಉಗುರು ತೆಗೆಯುವುದು, ಒಸಡು ಒರೆಸುವುದು, ಮೈ ಒರೆಸಿ ಸಂದುಗಳಿಗೆ ಪೌಡರ್ ಹಾಕುವುದು. ಇವನ್ನೆಲ್ಲ ಡ್ಯೂಟಿಯಲ್ಲೂ ಮಾಡಿದ್ದೆ, ಚೆನ್ನಾಗಿಯೇ ಮಾಡಿದ್ದೆ. ಈಗ ಮಾಡುವಾಗ, ಎದ್ದುಬರಲಿರುವ ದೇಹ ಇದು ಎಂಬ ಎಚ್ಚರ ಕೈಯಲ್ಲಿ ಇರುತ್ತದೆ.

ಬಟ್ಟೆ ಬದಲಿಸಲು ಹೋದಾಗ ಅವ್ವ ಎರಡೂ ಕೈ ಮುಂದೆ ಚಾಚುತ್ತಾಳೆ. ಮೊದಲ ಸಲ ಅದನ್ನು ಕಂಡಾಗ ಬೈಬಲ್ಲಿನ ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯ ನೆನಪಾಗಿ ನಾನು ಹಾಗೇ ನಿಂತುಬಿಟ್ಟೆ. ಪ್ರಾಯದಲ್ಲಿ ನೀನೇ ನಡುಕಟ್ಟಿಕೊಂಡು ಬೇಕಾದಲ್ಲಿಗೆ ಹೋಗುತ್ತಿದ್ದೆ. ಮುದುಕನಾದಾಗ ನೀನು ಕೈ ಚಾಚುವೆ, ಬೇರೊಬ್ಬರು ನಿನಗೆ ನಡುಕಟ್ಟಿ ನಿನಗೆ ಇಷ್ಟವಿಲ್ಲದ ಕಡೆಗೆ ಕರೆದೊಯ್ಯುವರು ಎಂದು ಯೇಸು ಪೇತ್ರನಿಗೆ ಹೇಳುತ್ತಾರೆ. ಅವನು ಎಂಥ ಸಾವು ಸಾಯಲಿದ್ದಾನೆಂಬ ಸೂಚನೆ ಅದು ಎಂದು ಶುಭಸಂದೇಶವೇ ವಿವರಿಸುತ್ತದೆ. ಅದರ ಬೆನ್ನಿಗೇ ಯೇಸು, ನನ್ನನ್ನು ಹಿಂಬಾಲಿಸು ಎನ್ನುತ್ತಾರೆ. ಕಾಲಿನಲ್ಲಿ ಶಕ್ತಿ ಇರುವಾಗಲೇ ಹಿಂಬಾಲಿಸು ಎಂದು ಷರತ್ತು ಹಾಕಲಿಲ್ಲ. ಇನ್ನೊಬ್ಬರು ಬಟ್ಟೆ ತೊಡಿಸಿ ಹೊತ್ತೊಯ್ಯುವ ಸ್ಥಿತಿಯನ್ನು ಅವನ ಕಣ್ಣ ಮುಂದೆ ಇಟ್ಟೇ, ಹಿಂಬಾಲಿಸು ಎಂದರು. ಅಂದರೆ ಹೊತ್ತೊಯ್ಯಿಸಿಕೊಳ್ಳುತ್ತಲೂ ಹಿಂಬಾಲಿಸಬಹುದು. ಜಪಸರ ಎಣಿಸಲಾಗದ ಅವ್ವ ಯಾವುದರಿಂದಲೂ ಹೊರಗುಳಿದಿಲ್ಲ. ಎದುರು ಮನೆಯ ವಚನ ಕೇಳಿದಾಗಲೆಲ್ಲ ನನ್ನೊಳಗೆ ಏಳುತ್ತಿದ್ದ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದೇ.

ಇದನ್ನು ನಾನು ಕಣ್ಣಾರೆಯೂ ಕಂಡಿದ್ದೆ, ಆಗ ತಿಳಿದಿರಲಿಲ್ಲ ಅಷ್ಟೆ. 2005ರ ಮಾರ್ಚ್ 27, ಪಾಸ್ಖ ಹಬ್ಬ, ಅಂದರೆ ಈಸ್ಟರ್. ಪೋಪ್ ಎರಡನೇ ಜಾನ್ ಪಾಲ್ ಅವರಿಗೂ ಇದೇ ಪಾರ್ಕಿನ್ಸನ್ ಇತ್ತು. ರೋಮಿನಲ್ಲಿ ಕಿಟಕಿಗೆ ಬಂದರು, ಮೈಕ್ ಮುಂದೆ ಹಿಡಿದರು, ಮಾತಾಡಲು ಹೊರಟರು. ದನಿ ಬರಲಿಲ್ಲ. ಕೈ ಎತ್ತಿ ಶಿಲುಬೆ ಗುರುತು ಹಾಕಿ ಆಶೀರ್ವದಿಸಿದರು, ಅಷ್ಟೇ. ಏಪ್ರಿಲ್ 2ರಂದು ತೀರಿಕೊಂಡರು, 84 ವರ್ಷ. ಪ್ರಾಯದಲ್ಲಿ ಬೆಟ್ಟ ಹತ್ತಿ, ಹಿಮದಲ್ಲಿ ಜಾರಿ, ಲೋಕವೆಲ್ಲ ಸುತ್ತಿದ ಮನುಷ್ಯ. 1986ರ ಫೆಬ್ರವರಿಯಲ್ಲಿ ನಮ್ಮ ಮಂಗಳೂರಿಗೂ ಬಂದಿದ್ದರು. ಅಂಥವರು ಲೋಕದ ಕಣ್ಣೆದುರು ನಡುಗಿದರು, ಜೊಲ್ಲು ಸುರಿಸಿದರು, ಮರೆಯಾಗಿ ಕೂರಲಿಲ್ಲ. ಟಿವಿ ಮುಂದೆ ಕೂತಿದ್ದ ಅವ್ವ, “ಪಾಪ, ಮಾತು ಬರವೊಲ್ದು ನೋಡು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಅವಳಿಗೆ ಈಗ ಅದೇ ವಯಸ್ಸು.

ಹರಿಹರದ ಆರೋಗ್ಯ ಮಾತೆಯ ಹಬ್ಬ ಸೆಪ್ಟೆಂಬರ್ 8. ಕಾಲು ನಡೆಯುವವರೆಗೂ ಅವ್ವ ತಪ್ಪದೆ ಹೋದಳು. ತುಂಗಭದ್ರೆ ದಡದ ಆ ಊರಿಗೆ ಎಲ್ಲ ಜಾತಿ ಧರ್ಮದವರೂ ಕಾಯಿಲೆ ಹೊತ್ತು ಬರುತ್ತಾರೆ. ಗುಣವಾಗಿ ಹರಕೆ ತೀರಿಸಲು ಬರುವವರಿದ್ದಾರೆ, ಗುಣವಾಗದೆಯೂ ವರ್ಷವರ್ಷ ಬರುವವರಿದ್ದಾರೆ. ನನ್ನ ಕಣ್ಣು ಹೋಗುವುದು ಈ ಎರಡನೆಯವರ ಕಡೆಗೆ. ಮಾತೆ ಮರಿಯಮ್ಮನ ಮುಂದೆ ಕೇಳಿದ್ದು ಸಿಗದಿದ್ದರೂ ಅವರು ಮುನಿಸಿಕೊಂಡು ಹೋಗುವುದಿಲ್ಲ. ಆ ತಾಯಿಯೂ ಶಿಲುಬೆಯ ಬುಡದಲ್ಲಿ ನಿಂತು, ಮಗನ ನೋವನ್ನು ನಿಲ್ಲಿಸಲಾಗದೆ ನೋಡಿದವಳು ಎಂದು ಅವರಿಗೆ ಗೊತ್ತು.

ರೋಗಿಗಳಿಗೆ ಫಾದರ್ ಪ್ರಾರ್ಥಿಸಿ ಹಚ್ಚುವ ಪವಿತ್ರ ತೈಲದ ವಿಷಯಕ್ಕೆ ಅವ್ವ ಬಹಳ ದಿನ ಹೆದರಿದ್ದಳು. “ಫಾದರ್ ಎಣ್ಣಿ ಹಚ್ಚಾಕ್ ಬಂದ್ರು ಅಂದ್ರ ಮುಗೀತು” ಎನ್ನುವುದು ಅವಳ ಕಾಲದವರ ನಂಬಿಕೆ. ಹಿಂದೆ ಹಾಗೆಯೇ ಇತ್ತು, ಕೊನೆಯುಸಿರಿನ ಹೊತ್ತಿಗೆ ಮಾತ್ರ ಕರೆಸುತ್ತಿದ್ದರು. ನಮ್ಮ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಅದು ಬದಲಾಯಿತು. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಅಪಾಯ ಶುರುವಾದಾಗಲೇ ತೆಗೆದುಕೊಳ್ಳುವ ಸಂಸ್ಕಾರ ಇದು. ನಾನು ಹೇಳಿದರೆ ಅವ್ವ ಒಪ್ಪಲಿಲ್ಲ, ಫಾದರ್ ಬಂದು ಮಂಚದ ಪಕ್ಕ ಕೂತು ಹೇಳಿದ ಮೇಲೆ ತಲೆಯಾಡಿಸಿದಳು. ಹಣೆಗೆ ಹಚ್ಚಿದರು. ಆಮೇಲೆ ಎರಡೂ ಅಂಗೈಗೆ. ನಡುಗುವ ಕೈಯನ್ನು ತಮ್ಮ ಎಡಗೈಯಲ್ಲಿ ಹಿಡಿದು, ಅವಸರವಿಲ್ಲದೆ ಹಚ್ಚಿದರು. ರೊಟ್ಟಿ ಬಡಿದ ಅಂಗೈಗೆ ಧರ್ಮಸಭೆ ಎಣ್ಣೆ ಹಚ್ಚಿದ್ದನ್ನು ನೋಡಲು ಅಪ್ಪ ಇರಬೇಕಿತ್ತು ಅನ್ನಿಸಿತು.

ಈಗ ನುಂಗುವುದು ಕಷ್ಟವಾಗಿದೆ. ನೀರು ಕೂಡ ತಪ್ಪು ದಾರಿ ಹಿಡಿದು ಶ್ವಾಸಕೋಶಕ್ಕೆ ಹೋಗಬಹುದು, ಈ ರೋಗದಲ್ಲಿ ಎಷ್ಟೋ ಜನರನ್ನು ಕೊನೆಗೆ ಕರೆದೊಯ್ಯುವುದು ಆ ನ್ಯುಮೋನಿಯಾವೇ. ಗಂಜಿಯನ್ನು ಮಂದ ಮಾಡಿ, ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಚಮಚೆ ಚಮಚೆಯಾಗಿ ಕೊಡುತ್ತೇನೆ. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಬೆಂಗಳೂರಿನಲ್ಲಿರುವ ಅಣ್ಣನಿಗೆ ಇದನ್ನು ಫೋನಿನಲ್ಲಿ ಹೇಳಿದಾಗ, “ಹೆಚ್ಚುಕಮ್ಮಿ ಆದ್ರೆ ಐಸಿಯುಗೆ ಸೇರಿಸೋಣ, ವೆಂಟಿಲೇಟರ್ ಹಾಕಿಸೋಣ, ದುಡ್ಡು ನೋಡಬ್ಯಾಡ” ಎಂದ. ಅವನ ಪ್ರೀತಿ ನನಗೆ ಅರ್ಥವಾಗುತ್ತದೆ. ದೂರ ಇರುವ ಮಕ್ಕಳಿಗೆ ಪ್ರೀತಿ ತೋರಿಸಲು ದುಡ್ಡೊಂದೇ ಕೈಗೆ ಸಿಗುವ ದಾರಿ. ನಾನು ಐಸಿಯು ಕಂಡವಳು. ಗಂಟಲಿಗೆ ನಳಿಕೆ ಹಾಕಿ, ಕಿತ್ತುಕೊಳ್ಳದಂತೆ ಕೈ ಕಟ್ಟಿ, ಮನೆಯವರನ್ನು ಗಾಜಿನಾಚೆ ನಿಲ್ಲಿಸುವುದನ್ನು ಕಂಡವಳು. ಗುಣವಾಗಿ ಎದ್ದು ಬರುವವರಿಗೆ ಅದು ವರದಾನ. ಅವ್ವನ ಮಟ್ಟಿಗೆ ಅದು ಸಾವನ್ನು ತಪ್ಪಿಸುವುದಿಲ್ಲ, ಅವಳ ಕೈ ಹಿಡಿದುಕೊಳ್ಳುವ ನಮ್ಮನ್ನು ಮಾತ್ರ ದೂರ ಇಡುತ್ತದೆ.

ಧರ್ಮಸಭೆಯ ಬೋಧನೆ ಇಲ್ಲಿ ಸ್ಪಷ್ಟವಾಗಿದೆ, ಫಾದರ್ ಹತ್ತಿರವೂ ಕೇಳಿ ಖಚಿತಪಡಿಸಿಕೊಂಡೆ. ಸಾವನ್ನು ಬರಮಾಡುವ ಕೆಲಸ ಎಂದಿಗೂ ಸಲ್ಲದು. ಆದರೆ ಫಲಕ್ಕಿಂತ ಹೊರೆಯೇ ಹೆಚ್ಚಾದ ಚಿಕಿತ್ಸೆಯನ್ನು ಬೇಡವೆನ್ನಬಹುದು. ಅದು ಸಾವನ್ನು ಬಯಸುವುದಲ್ಲ, ಅದನ್ನು ತಡೆಯಲಾರೆವೆಂದು ಒಪ್ಪಿಕೊಳ್ಳುವುದು. ಊಟ, ನೀರು, ನೋವಿಗೆ ಔಷಧ, ಶುಚಿ, ಜೊತೆಗಿರುವುದು, ಇವನ್ನು ನಿಲ್ಲಿಸುವಂತಿಲ್ಲ. ಪುನರುತ್ಥಾನ ಇಲ್ಲವೆಂದಾಗಿದ್ದರೆ ನಾನೂ ಅಣ್ಣನಂತೆ ಒಂದೊಂದು ಗಂಟೆಗೂ ಯಂತ್ರದ ಜೊತೆ ಜಗಳಕ್ಕೆ ಬೀಳುತ್ತಿದ್ದೆನೇನೋ. ಅವ್ವನನ್ನು ನಾನು ಕಳೆದುಕೊಳ್ಳುವುದಿಲ್ಲ, ಸ್ವಲ್ಪ ಕಾಲ ಕಾಣುವುದಿಲ್ಲ ಎಂದು ನಂಬುತ್ತೇನೆ. ಆ ನಂಬಿಕೆಯಿಂದಲೇ ಬೇಡ ಎನ್ನಲು ನನಗೆ ಧೈರ್ಯ ಬಂತು.

ಅವ್ವನನ್ನೇ ಕೇಳಿದೆವು. ಮಾತ್ರೆ ಕೆಲಸ ಮಾಡುತ್ತಿದ್ದ ಹೊತ್ತು ನೋಡಿ, ಅಣ್ಣನನ್ನು ವಿಡಿಯೋ ಕರೆಯಲ್ಲಿ ಕೂರಿಸಿ, ನಾನು ಬಾಯಿಯ ಹತ್ತಿರ ಕಿವಿ ಇಟ್ಟುಕೊಂಡೆ. “ಮನ್ಯಾಗ ಇರ್ತೀನಿ,” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ನಿಮ್ಮಪ್ಪನ ಪಕ್ಕ ಜಾಗ ಕೇಳಿಟ್ಟೀಯೇನು?” ಎಂದಳು. ಕೇಳಿಟ್ಟಿದ್ದೇನೆ ಎಂದೆ. “ಮಣ್ಣಿಗೆ ಬಂದವ್ರನ್ನ ಉಪಾಸ ಕಳಿಸಬ್ಯಾಡ್ರಿ,” ಎಂದಳು. ಅಣ್ಣ ಆ ಕಡೆಯಿಂದ ಅಳುತ್ತಲೇ ಆಯ್ತವ್ವಾ ಎಂದ. ಸಂಬಳ ಕಡಿತವಾದರೂ ಸರಿ, ರಜೆ ಹಾಕಿ ಬರುತ್ತಾನಂತೆ. ಬಂದ ಮೇಲೆ ರಾತ್ರಿ ಮಗ್ಗುಲು ಬದಲಿಸುವ ಪಾಳಿ ಅವನದು. ಹೇಗೆ ಎತ್ತಬೇಕು, ಬೆನ್ನಿನ ಕೆಳಗೆ ದಿಂಬು ಎಲ್ಲಿಡಬೇಕು ಎಂದು ನಾನು ಕಲಿಸಿಕೊಡಬೇಕು.